ನಲವತ್ತು ರೂಟರ್ ಬಿಟ್, ಹತ್ತಡಿ ಕೋಣೆ, ಕಾಸರಗೋಡಿನ ಮಳೆ: ಎಲ್ಲಿಡುವುದು?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಮನೆ. ಹಟ್ಟಿಯ ಒಂದು ಭಾಗಕ್ಕೆ ಗೋಡೆ ಕಟ್ಟಿ ಹತ್ತಡಿ ಉದ್ದ, ಎಂಟಡಿ ಅಗಲದ ಮರಗೆಲಸದ ಕೋಣೆ ಮಾಡಿಕೊಂಡಿದ್ದೇನೆ. ತೋಟದ ಕೆಲಸ ಇಲ್ಲದಾಗ ಮಣೆ, ಸಣ್ಣ ಕಪಾಟು ಅಂತ ಏನಾದರೂ ಮಾಡುತ್ತೇನೆ. ಮರದ ಅಂಚು, ಗಾಡಿ ಕೊರೆಯುವ ಯಂತ್ರ ಎರಡಿವೆ: ಸಣ್ಣದೊಂದು ಟ್ರಿಮ್ಮರ್, ಅರ್ಧ ಇಂಚಿನ ಒಂದು ಹಳೇ ರೂಟರ್. ಬಿಟ್‌ಗಳು (ಅವಕ್ಕೆ ಸಿಕ್ಕಿಸುವ ಕೊರೆಯುವ ಮೊನೆಗಳು) ನಲವತ್ತರ ಹತ್ತಿರ. ಕೆಲವು ಗಲ್ಫಿನಿಂದ ಬರುವಾಗ ಭಾವ ತಂದು ಕೊಟ್ಟವು, ಒಂದು ಆನ್‌ಲೈನಲ್ಲಿ ತರಿಸಿದ ಮರದ ಪೆಟ್ಟಿಗೆಯ ಸೆಟ್, ಉಳಿದವು ಬಿಡಿಬಿಡಿಯಾಗಿ ತಂದವು. ಸೆಟ್ ಬಿಟ್ಟು ಎಲ್ಲವೂ ಬಿಸ್ಕತ್ತಿನ ಡಬ್ಬಿಯಲ್ಲಿ. ಕಳೆದ ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದರೆ ಶ್ಯಾಂಕೆಲ್ಲ (ಯಂತ್ರಕ್ಕೆ ಸಿಕ್ಕಿಸುವ ಕಡ್ಡಿಯ ಭಾಗ) ತುಕ್ಕು, ಎರಡರ ಬಾಯಿಯಲ್ಲಿ ಚಕ್ಕೆ ಎದ್ದಿದೆ. ಸೆಟ್ಟಿನ ಬಿಟ್‌ಗಳು ತೂತಿನಿಂದ ಹೊರಗೇ ಬರುವುದಿಲ್ಲ, ಎಳೆಯಲು ಹೋಗಿ ಬೆರಳು ಕೊಯ್ದುಕೊಂಡೆ. ಗೋಡೆಯಲ್ಲಿ ಖಾಲಿ ಇರುವುದು ಪಡುಬದಿ ಮಾತ್ರ. ಅಲ್ಲಿ ಮ್ಯಾಗ್ನೆಟ್ ಪಟ್ಟಿ ಹೊಡೆಯಲೇ, ಇಲ್ಲಾ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಹೊರಗೆ ಎಳೆಯುವ ಉದ್ದನೆಯ ಡ್ರಾವರ್ ಮಾಡಲೇ? ಕಾರ್ಬೈಡ್‌ಗೆ ತುಕ್ಕು ಹಿಡಿಯುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಕರ್ಪೂರ ಹಾಕಿಡಿ ಅಂತ ನಮ್ಮ ಆಚಾರಿ. ಭಾವ ಕೊಟ್ಟದ್ದರಲ್ಲಿ ಬಾಗಿಲಿನ ಹಲಗೆಯ ಅಂಚು ಇಳಿಜಾರು ಮಾಡುವ ಅಂಗೈಯಗಲದ ಒಂದು ಪ್ಯಾನೆಲ್ ಬಿಟ್ ಬೇರೆ ಇದೆ, ಅದಕ್ಕೂ ಜಾಗ ಆಗಬೇಕು.

ಉತ್ತರ: ನೀವು ಕೇಳಿದ್ದು ಜಾಗದ ವಿಷಯ. ಆದರೆ ನಿಮ್ಮ ಪತ್ರದಲ್ಲಿ ಇರುವ ತೊಂದರೆ ಮೂರು: ತುಕ್ಕು, ಚಕ್ಕೆ, ಬೆರಳು. ನನ್ನ ಕೆಲಸ ಸಾಣೆ ಹಿಡಿಯುವುದು. ನನ್ನ ಮೇಜಿಗೆ ಬರುವ ಬಿಟ್‌ಗಳಲ್ಲಿ ಮರ ಕೊರೆದು ಮೊಂಡಾದವುಗಳಿಗಿಂತ ಡಬ್ಬಿಯಲ್ಲಿ ಕೂತು ಕೆಟ್ಟವೇ ಜಾಸ್ತಿ. ಹಾಗಾಗಿ ಜಾಗ ಉಳಿಸುವ ಮಾತನ್ನು ಇವುಗಳ ಜೊತೆಗೇ ಆಡಬೇಕು. ಒಳ್ಳೆಯ ಸಂಗತಿ ಏನೆಂದರೆ ನಮ್ಮ ಊರಿನ ಹವೆಯಲ್ಲಿ ಜಾಗಕ್ಕೂ ಈ ತೊಂದರೆಗಳಿಗೂ ಮದ್ದು ಒಂದೇ. ನಲವತ್ತನ್ನೂ ಒಂದೇ ಕಡೆ ಇಡಬೇಡಿ. ದಿನವೂ ಬೇಕಾಗುವ ಎಂಟು ಹತ್ತು ಕೈಗೆ ಸಿಗುವಂತೆ ಇರಲಿ, ಉಳಿದವು ಗಾಳಿಯಾಡದ ಡಬ್ಬಿಗೆ ಹೋಗಲಿ. ನಲವತ್ತನ್ನು ಕಣ್ಣೆದುರು ಸಾಲಾಗಿ ನಿಲ್ಲಿಸುವುದು ಫೋಟೋಕ್ಕೆ ಚಂದ. ಎಂಟಡಿ ಅಗಲದ ಕೋಣೆಯಲ್ಲಿ ಅದು ಅಡ್ಡ, ಮೇಲಿಂದ ನಲವತ್ತಕ್ಕೂ ತುಕ್ಕು.

ಮೊದಲು ಅಂಗಡಿಯವರ ಮಾತು. ಅದು ಅರ್ಧ ನಿಜ. ಬಿಟ್‌ನಲ್ಲಿ ಕಾರ್ಬೈಡ್ ಇರುವುದು ಹೆಚ್ಚಾಗಿ ಕೊರೆಯುವ ಬಾಯಿಯಲ್ಲಿ ಮಾತ್ರ, ಉಗುರಿನಷ್ಟು ತುಂಡು. ಅದನ್ನು ಉಕ್ಕಿನ ಮೈಗೆ ಬೆಸೆದಿರುತ್ತಾರೆ. ಮೈ, ಶ್ಯಾಂಕ್, ಬೇರಿಂಗ್, ಬೇರಿಂಗ್ ಹಿಡಿದಿರುವ ಪುಟ್ಟ ಸ್ಕ್ರೂ ಎಲ್ಲವೂ ಉಕ್ಕೇ. ಅವಕ್ಕೆ ತುಕ್ಕು ಧಾರಾಳವಾಗಿ ಹಿಡಿಯುತ್ತದೆ. ಯಂತ್ರದಲ್ಲಿ ಬಿಟ್ಟನ್ನು ಕಚ್ಚಿಕೊಳ್ಳುವ ಕಾಲೆಟ್ ಹಿಡಿಯುವುದು ಶ್ಯಾಂಕನ್ನು ತಾನೇ? ಅದರ ಮೇಲೆ ತುಕ್ಕಿನ ಗುಳಿ ಬಿದ್ದರೆ ಹಿಡಿತ ಸರಿ ಕೂರುವುದಿಲ್ಲ. ಬಿಟ್ ಓಲಾಡುತ್ತದೆ, ಮರದ ಮೇಲೆ ಅಲೆಅಲೆಯಾಗಿ ಗೀರು ಬೀಳುತ್ತದೆ. ಕೆಲವೊಮ್ಮೆ ಓಡುವಾಗಲೇ ಬಿಟ್ ಕೆಳಗೆ ಜಾರುತ್ತದೆ. ತುಕ್ಕು ಬರೀ ಅಂದಗೇಡು ಅಂತ ಬಿಡುವ ಹಾಗಿಲ್ಲ ಅಂದದ್ದು ಇದಕ್ಕೇ.

ಚಕ್ಕೆ ಏಳುವುದರ ಕಾರಣ ಬೇರೆ. ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಸಣ್ಣ ಕಾಳುಗಳನ್ನು ಕೋಬಾಲ್ಟ್ ಎಂಬ ಲೋಹ ಅಂಟಿಸಿ ಹಿಡಿದಿರುತ್ತದೆ. ಅದು ಉಕ್ಕಿಗಿಂತ ತುಂಬಾ ಗಟ್ಟಿ, ಆದರೆ ಬಾಗುವ ಗುಣ ಇಲ್ಲ, ಪೆಟ್ಟು ಬಿದ್ದರೆ ನೇರ ಒಡೆಯುವುದೇ. ಬಿಸ್ಕತ್ತಿನ ಡಬ್ಬಿಯಲ್ಲಿ ಕೈಹಾಕಿ ಬೇಕಾದ್ದನ್ನು ಹುಡುಕುವಾಗ ಕಾರ್ಬೈಡ್ ಕಾರ್ಬೈಡಿಗೇ ಬಡಿಯುತ್ತದೆ. ಆ ಚಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು. ಬೆಳಕಿಗೆ ಹಿಡಿದು ಬಾಯಿಯನ್ನು ನೋಡಿ, ಬಿಳಿ ಚುಕ್ಕೆಯಂತೆ ಹೊಳೆದರೆ ಅಲ್ಲಿ ಮುರಿದಿದೆ. ಕೊರೆದ ಮರದಲ್ಲಿ ಉದ್ದಕ್ಕೂ ಒಂದು ಗೆರೆ ಎದ್ದು ಬಂದರೂ ಅದೇ ಲಕ್ಷಣ. ನಿಮ್ಮ ಆ ಎರಡು ಬಿಟ್‌ಗಳಿಗೆ ಜಾಗ ಹುಡುಕಬೇಡಿ, ಎಸೆಯಿರಿ. ದೊಡ್ಡ ಚಕ್ಕೆ ಹೋದ ಬಿಟ್ಟಿನ ತೂಕ ಸಮ ಇರುವುದಿಲ್ಲ, ಅದನ್ನು ಸಾಣೆ ಹಿಡಿದು ಕೊಡು ಅಂತ ತಂದರೆ ನಾನು ವಾಪಸು ಕಳಿಸುತ್ತೇನೆ.

ತುಕ್ಕು ನಮ್ಮಲ್ಲಿ ಇಷ್ಟು ಜೋರು ಯಾಕೆ? ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ಶೇಕಡಾ 60ರ ಆಸುಪಾಸು ದಾಟಿದರೆ ಉಕ್ಕಿಗೆ ತುಕ್ಕು ಚುರುಕಾಗುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಕೋಣೆಗಳ ತೇವ ಅದಕ್ಕಿಂತ ಎಷ್ಟೋ ಮೇಲೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯವರಿಗೆ ಉಪ್ಪು ಗಾಳಿಯ ಕಾಟ ಬೇರೆ. ನಿಮಗೆ ಹಟ್ಟಿ ಒತ್ತಿಗೇ ಇದೆ, ದನ ಕಟ್ಟುತ್ತೀರಾದರೆ ನೆಲ ತೊಳೆದ ತೇವವೂ ಅದೇ ಗಾಳಿಗೆ ಸೇರುತ್ತದೆ. ಇನ್ನೊಂದು ಸಂಗತಿ, ರಾತ್ರಿ ಲೋಹ ತಣ್ಣಗಾಗುತ್ತದೆ. ಬೆಳಿಗ್ಗೆ ಬೆಚ್ಚನೆಯ ಹಸಿ ಗಾಳಿ ಒಳಗೆ ಬಂದಾಗ ಅದರ ಮೇಲೆ ಕಾಣದಷ್ಟು ತೆಳ್ಳಗೆ ನೀರು ಕೂರುತ್ತದೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಈ ಗಾಳಿಯನ್ನು ತಡೆಯುವುದಿಲ್ಲ, ಒಳಗೆ ಬಂದ ತೇವ ಬೇಗ ಹೊರಗೆ ಹೋಗಲು ಮಾತ್ರ ಬಿಡುವುದಿಲ್ಲ. ತಳದಲ್ಲಿ ಒಂದಿಷ್ಟು ಮರದ ಹುಡಿ ಇದ್ದರಂತೂ ಮುಗಿಯಿತು, ಅದು ತೇವ ಕುಡಿದುಕೊಂಡು ಶ್ಯಾಂಕಿಗೆ ಅಂಟಿಕೊಂಡೇ ಇರುತ್ತದೆ.

ಕರ್ಪೂರದ ಮಾತು ಹಳೆಯದು, ಹೇಳುವವರು ಬಹಳ ಜನ. ಆದರೆ ಕರ್ಪೂರ ತೇವ ಹೀರುವುದಿಲ್ಲ. ಅದು ಆವಿಯಾಗಿ ಲೋಹದ ಮೇಲೆ ಕೂತಷ್ಟು ಕೂತೀತು, ಮಳೆಗಾಲ ಪೂರ್ತಿ ಅದನ್ನೇ ನಂಬಿ ಕೂರುವುದಕ್ಕೆ ಆಗುವುದಿಲ್ಲ. ಅಕ್ಕಿ ಹಾಕುವುದೂ ದಂಡ. ತೆಂಗಿನೆಣ್ಣೆ ಸವರುವವರಿದ್ದಾರೆ. ಕತ್ತಿಗೆ ಸರಿ, ಬಿಟ್‌ಗೆ ಬೇಡ. ದಿನ ಕಳೆದ ಹಾಗೆ ಅದು ಅಂಟಾಗಿ ಹುಡಿ ಹಿಡಿಯುತ್ತದೆ. ಹೊಲಿಗೆ ಮೆಷಿನಿನ ಎಣ್ಣೆ ಒಂದು ತೊಟ್ಟು ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಒಂದು ಎಚ್ಚರ: ಯಾವ ಎಣ್ಣೆಯೇ ಆಗಲಿ, ಬಿಟ್ಟನ್ನು ಕಾಲೆಟ್‌ಗೆ ಹಾಕುವ ಮೊದಲು ಶ್ಯಾಂಕನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಎಣ್ಣೆ ಇದ್ದ ಶ್ಯಾಂಕ್ ಜಾರುತ್ತದೆ.

ಇನ್ನು ನೀವು ಯೋಚಿಸಿದ ಎರಡು ದಾರಿಗಳು.

ಮ್ಯಾಗ್ನೆಟ್ ಪಟ್ಟಿಯನ್ನು ನಾನು ಒಪ್ಪುವುದಿಲ್ಲ. ಉಳಿ, ಸ್ಕ್ರೂಡ್ರೈವರ್ ನೇತುಹಾಕಲು ಅದು ಒಳ್ಳೆಯದು. ರೂಟರ್ ಬಿಟ್ ಉರುಟು, ತಲೆಭಾರ, ಮ್ಯಾಗ್ನೆಟ್‌ಗೆ ತಾಗುವುದು ಒಂದು ಗೆರೆಯಷ್ಟು ಮಾತ್ರ. ಪಕ್ಕದ ಬಿಟ್ಟನ್ನು ಎಳೆದುಕೊಂಡು ಟಣ್ ಅಂತ ಬಡಿಯುತ್ತದೆ, ಇಲ್ಲಾ ಸಿಮೆಂಟ್ ನೆಲಕ್ಕೆ ಬೀಳುತ್ತದೆ. ಅದರ ಮೇಲೆ ನೀವು ಹೇಳಿದ್ದು ಪಡುಬದಿಯ ಗೋಡೆ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯಾಗಿ ಹೊರಗಿನಿಂದ ಗಾರೆ ಇಲ್ಲದಿದ್ದರೆ ಮಳೆಯ ಇರಿಚಲನ್ನು ಅದು ಕುಡಿಯುತ್ತಲೇ ಇರುತ್ತದೆ. ಆ ಗೋಡೆಗೆ ಏನನ್ನಾದರೂ ಹೊಡೆಯಲೇಬೇಕಾದರೆ ಮೊದಲು ಒಂದಿಂಚಿನ ರೀಪು ಹೊಡೆದು, ಹಿಂದೆ ಗಾಳಿ ಓಡಾಡುವಂತೆ ಬಿಟ್ಟು, ಅದರ ಮೇಲೆ ಹಲಗೆ ಕೂರಿಸಿ. ಗರಗಸ, ಕ್ಲಾಂಪ್‌ಗೆ ಆ ಜಾಗ ಇರಲಿ.

ಹೊರಗೆಳೆಯುವ ಉದ್ದನೆಯ ಡ್ರಾವರ್ ಕೆಟ್ಟ ಯೋಚನೆ ಅಲ್ಲ. ಜಾಗ ನಿಜವಾಗಿಯೂ ಉಳಿಯುತ್ತದೆ. ಆದರೆ ಅದು ಗಾಳಿ ತಡೆಯುವುದಿಲ್ಲ, ಚಾನೆಲ್ (ಡ್ರಾವರ್ ಜಾರುವ ಕಂಬಿ) ಮೇಲೆ ಜೋರಾಗಿ ತಳ್ಳಿದರೆ ಬಿಟ್ ಹಾರಿ ಬೀಳುತ್ತದೆ. ಎಂಡಿಎಫ್ ಅಂತೂ ಬೇಡವೇ ಬೇಡ. ನಮ್ಮ ತೇವಕ್ಕೆ ಅದು ಉಬ್ಬುತ್ತದೆ, ತೂತಿನ ಅಂಚು ಹುಡಿಯಾಗುತ್ತದೆ. ಹಸಿ ಮರ, ಎಂಡಿಎಫ್ ಎರಡೂ ಮುಚ್ಚಿದ ಪೆಟ್ಟಿಗೆಯೊಳಗೆ ಸ್ವಲ್ಪ ಸ್ವಲ್ಪ ಹುಳಿ ಆವಿ ಬಿಡುತ್ತಿರುತ್ತವೆ, ಉಕ್ಕಿಗೆ ಅದೂ ಆಗಿಬರುವುದಿಲ್ಲ. ಮರವೇ ಬೇಕು ಅಂತಿದ್ದರೆ ಚೆನ್ನಾಗಿ ಒಣಗಿದ ಸಾಗುವಾನಿ, ಇಲ್ಲವಾದರೆ ಐಎಸ್ 710 ಗುರುತಿನ ಮೆರೀನ್ ಪ್ಲೈವುಡ್. ಇಲ್ಲಿ ಎಲ್ಲರೂ ಮಲ್ಟಿವುಡ್ ಅನ್ನುವ ಪಿವಿಸಿ ಫೋಮ್ ಹಲಗೆ ತೇವ ಕುಡಿಯುವುದೇ ಇಲ್ಲ, ಅಡುಗೆಮನೆ ಮಾಡಿಸಿದವರ ಮನೆಯಲ್ಲಿ ತುಂಡು ಸಿಗುತ್ತದೆ. ಆದರೆ ಮೆತ್ತಗಿರುವುದರಿಂದ ತೂತು ಬರಬರುತ್ತಾ ಸಡಿಲವಾಗುತ್ತದೆ. ಟ್ರಿಮ್ಮರ್‌ನ ಸಪೂರ ಬಿಟ್‌ಗಳಿಗೆ ಅದು ಸಾಕು, ಅರ್ಧ ಇಂಚಿನವಕ್ಕೆ ಪ್ಲೈವುಡ್ಡೇ ಸರಿ.

ನಿಮ್ಮ ಸೆಟ್ಟಿನ ಪೆಟ್ಟಿಗೆಯಲ್ಲಿ ಬಿಟ್ ಸಿಕ್ಕಿಕೊಂಡದ್ದು ತೂತನ್ನು ಶ್ಯಾಂಕಿನ ಅಳತೆಗೇ ಬಿಗಿಯಾಗಿ ಕೊರೆದಿರುವುದರಿಂದ. ಮಳೆಗಾಲದಲ್ಲಿ ತೂತಿನ ಒಳಮೈಯ ನಾರು ಉಬ್ಬುತ್ತದೆ, ಮರ ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಹಿಗ್ಗುವ ಕಾರಣ ತೂತು ಉರುಟಾಗಿ ಉಳಿಯುವುದಿಲ್ಲ, ಮೇಲೆ ಶ್ಯಾಂಕಿನ ತುಕ್ಕು ಕಚ್ಚಿಕೊಳ್ಳುತ್ತದೆ. ಬಾಯಿಯನ್ನು ಹಿಡಿದು ಎಳೆಯುವುದೊಂದೇ ದಾರಿ ಉಳಿದಾಗ ಬೆರಳು ಕೊಯ್ಯದೆ ಇರುತ್ತದೆಯೇ ಮಾರಾಯ್ರೇ? ಈಗ ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ, ಪ್ರತಿ ತೂತಿನ ತಳಕ್ಕೆ 3 ಮಿ.ಮೀ. ಡ್ರಿಲ್ ಹಾಕಿ. ಶ್ಯಾಂಕಿನ ತುದಿ ತಗಲುವ ಮೊದಲೇ ಡ್ರಿಲ್ ನಿಲ್ಲಿಸಿ, ಉಳಿದ ತೆಳು ಮರವನ್ನು ಮೊಳೆಯಿಂದ ಒತ್ತಿ ಮುರಿಯಿರಿ. ಆಮೇಲೆ ಅದೇ ಮೊಳೆಯಿಂದ ಬಿಟ್ಟನ್ನು ಹಿಂದಿನಿಂದ ತಳ್ಳಿ, ಕೆಳಗೆ ಹಳೇ ಬಟ್ಟೆ ಹಾಸಿರಲಿ.

ಹೊಸದಾಗಿ ಹಲಗೆ ಮಾಡುವಾಗ ಲೆಕ್ಕ ಹೀಗೆ. 6 ಮತ್ತು 6.35 ಮಿ.ಮೀ. ಶ್ಯಾಂಕಿಗೆ 6.5ರ ಡ್ರಿಲ್, 12.7ಕ್ಕೆ (ಅರ್ಧ ಇಂಚು) 13ರದ್ದು. ಮೊದಲು ಉಳಿಕೆ ತುಂಡಿನಲ್ಲಿ ಕೊರೆದು ನೋಡಿ. ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿದರೆ ಬಿಟ್ ಬರಬೇಕು, ಹಲಗೆ ಜೊತೆಗೆ ಏಳಬಾರದು. 18 ಮಿ.ಮೀ. ಹಲಗೆ ಎರಡನ್ನು ಅಂಟಿಸಿದರೆ 36 ದಪ್ಪ ಸಿಗುತ್ತದೆ. ಸಪೂರದವಕ್ಕೆ 22ರಿಂದ 25 ಆಳ, ದಪ್ಪದವಕ್ಕೆ 30. ತೀರಾ ಆಳ ಆದರೆ ಕಾರ್ಬೈಡ್ ಬಾಯಿ ಹಲಗೆಯ ಮೇಲೆ ಕೂರುತ್ತದೆ, ಅದು ಮೂರು ನಾಲ್ಕು ಮಿ.ಮೀ. ಎತ್ತರದಲ್ಲೇ ನಿಲ್ಲಬೇಕು. ತೂತಿನ ತಳದಲ್ಲಿ 3 ಮಿ.ಮೀ.ನ ಇನ್ನೊಂದು ತೂತು ಆರುಪಾರು ಇರಲಿ, ಹುಡಿ ಕೆಳಗೆ ಉದುರಿಹೋಗುತ್ತದೆ. ಪ್ಲೈವುಡ್ಡಾದರೆ ತೂತಿನ ಒಳಗೆ ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ತೆಳು ವಾರ್ನಿಶ್ ಸವರಿ, ಪೂರ್ತಿ ಒಣಗಿದ ಮೇಲೆಯೇ ಬಿಟ್ ಇಳಿಸಿ.

ತೂತಿನಿಂದ ತೂತಿಗೆ ಅಂತರ ಎಷ್ಟು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಶ್ಯಾಂಕ್ ನೋಡಿ ಗುರುತು ಹಾಕುತ್ತಾರೆ, ಆಮೇಲೆ ತಲೆ ತಲೆಗೆ ತಾಗುತ್ತದೆ. ಅಳೆಯಬೇಕಾದ್ದು ಬಿಟ್ಟಿನ ತಲೆಯ ಅಗಲ. ಅಕ್ಕಪಕ್ಕದ ಎರಡು ತಲೆಗಳ ನಡುವೆ 12ರಿಂದ 15 ಮಿ.ಮೀ. ಖಾಲಿ ಉಳಿಯಬೇಕು, ಬೆರಳಿನ ತುದಿ ಇಳಿಯುವಷ್ಟು. ಸ್ಟ್ರೇಟ್, ವಿ-ಗ್ರೂವ್‌ನಂಥ ಸಪೂರ ತಲೆಯವನ್ನು 25 ಮಿ.ಮೀ. ಅಂತರದಲ್ಲಿ ನಿಲ್ಲಿಸಬಹುದು. ಅಂಚು ಉರುಟು ಮಾಡುವ ಸಾಮಾನ್ಯ ರೌಂಡ್‌ಓವರ್, ಅಂಚಿಗೆ ಒಳಗುಳಿ ಕೊಡುವ ಕೋವ್‌ಗೆ 40 ಬೇಕು. 300 ಉದ್ದ, 200 ಅಗಲದ ಹಲಗೆಯಲ್ಲಿ 40ರ ಅಂತರಕ್ಕೆ ಏಳು ಐದಲೆ 35 ತೂತು ಬರುತ್ತದೆ. ಮೇಜಿನ ಮೇಲೆ ಒಂದು ಉದ್ದ ನೋಟ್‌ಬುಕ್ಕಿನಷ್ಟು ಜಾಗ ಅದು. ಸಾಲುಗಳನ್ನು ಒಂದು ಬಿಟ್ಟು ಒಂದು ಅರ್ಧ ಅಂತರ ಸರಿಸಿದರೆ ಇನ್ನೂ ಸಲೀಸು.

ನಿಲ್ಲಿಸುವುದೋ ಮಲಗಿಸುವುದೋ ಎಂಬ ಪ್ರಶ್ನೆಯೂ ಬರುತ್ತದೆ. ನಿಂತ ಬಿಟ್‌ಗೆ 40 × 40 ಜಾಗ, 100 ಎತ್ತರ. ಮಲಗಿದ್ದಕ್ಕೆ 75 × 35 ಜಾಗ, 45 ಎತ್ತರ. ಗುಣಿಸಿ ನೋಡಿದರೆ ಮಲಗಿಸುವುದೇ ಕಮ್ಮಿ ಜಾಗ ತಿನ್ನುತ್ತದೆ. ಮೇಜಿನ ಹಲಗೆಯ ಕೆಳಗೆ ಎರಡಿಂಚು ಎತ್ತರದ ತೆಳು ಡ್ರಾವರ್ ಕೂರಿಸಬಹುದಾದರೆ ಅದು ಒಳ್ಳೆ ಉಪಾಯ. ಆದರೆ ಪ್ರತಿ ಬಿಟ್‌ಗೂ ಬೇರೆ ಬೇರೆ ಖಾನೆ ಬೇಕು, ಇಲ್ಲದಿದ್ದರೆ ಉರುಳಿ ಉರುಳಿ ಬಿಸ್ಕತ್ತಿನ ಡಬ್ಬಿಯ ಕಥೆಯೇ ಆಗುತ್ತದೆ. ಖಾನೆಗೆ ಸ್ಪಂಜು ಹಾಸಬೇಡಿ. ಸೋಫಾಕ್ಕೆ ಹಾಕುವಂಥ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ, ವರ್ಷ ಕಳೆದ ಹಾಗೆ ಅಂಟಂಟಾಗಿ ಪುಡಿಯಾಗುತ್ತದೆ. ಚಪ್ಪಲಿ ಅಡಿಗೆ ಬಳಸುವ ಇವಿಎ ಹಾಳೆ ಆಗಬಹುದು.

ನಿಮ್ಮ ಕೋಣೆಗೆ ನಾನಾದರೆ ಹೀಗೆ ಮಾಡುತ್ತಿದ್ದೆ. ದಿನಬಳಕೆಯ ಹತ್ತು ಬಿಟ್‌ಗೆ 300 ಉದ್ದ, 80 ಅಗಲದ ಒಂದು ಪಟ್ಟಿ. ಎರಡು ಸಾಲು, ಸಾಲಿಗೆ ಐದೈದು. ಅದನ್ನು ಮೇಜಿನ ಕೆಳಗೆ, ಮುಂದಿನ ಕಾಲಿನ ಒಳಬದಿಯಲ್ಲಿ ಒಂದು ಅಡ್ಡ ತುಂಡು ಕೊಟ್ಟು, ಒಂದೇ 10 ಮಿ.ಮೀ. ಬೋಲ್ಟಿನ ಮೇಲೆ ಕೂರಿಸುತ್ತಿದ್ದೆ. ಬೇಕಾದಾಗ ಹೊರಗೆ ತಿರುಗಿಸುವುದು, ಬೇಡವಾದಾಗ ಒಳಗೆ. ಗೋಡೆಯೂ ಬೇಡ, ಚಾನೆಲ್ಲೂ ಬೇಡ. ಮೇಲಿನ ಹಲಗೆಗೂ ಪಟ್ಟಿಗೂ ನಡುವೆ 90 ಮಿ.ಮೀ. ಸಿಕ್ಕರೆ ಸಾಕು. ಬೋಲ್ಟಿಗೆ ಎರಡು ನಟ್ ಹಾಕಿ ಬಿಗಿ ಇರಲಿ, ಸಡಿಲವಾದರೆ ಮೇಜಿನ ಮೇಲೆ ಸುತ್ತಿಗೆ ಕೆಲಸ ಮಾಡುವಾಗ ಪಟ್ಟಿ ತಾನೇ ಹೊರಗೆ ಬಂದು ಮೊಣಕಾಲಿಗೆ ತಾಗುತ್ತದೆ. ಈ ಹತ್ತಕ್ಕೆ ತುಕ್ಕಿನ ಹೆದರಿಕೆ ಕಮ್ಮಿ, ದಿನಾ ಕೈಗೆ ಬರುವುದರಿಂದ ಒರೆಸುವುದೂ ಆಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕೋಣೆಗೆ ಹೋಗುವುದಿಲ್ಲ ಅಂತಾದರೆ ಅವನ್ನೂ ಡಬ್ಬಿಗೆ ಹಾಕಿ.

ಉಳಿದ ಮೂವತ್ತಕ್ಕೆ ಎರಡು ಡಬ್ಬಿ. ಅಡುಗೆಮನೆ ಸಾಮಾನಿನ ಅಂಗಡಿಯಲ್ಲಿ ಸಿಗುವ, ಮುಚ್ಚಳಕ್ಕೆ ರಬ್ಬರ್ ವಾಶರ್ ಇದ್ದು ನಾಲ್ಕೂ ಬದಿ ಲಾಕ್ ಆಗುವಂಥದ್ದು. ಒಳಗೆ 100 ಮಿ.ಮೀ.ಗಿಂತ ಎತ್ತರ ಇರಲಿ. ತರುವಾಗ ನಂಬಬೇಡಿ, ಮನೆಗೆ ತಂದು ಖಾಲಿ ಡಬ್ಬಿ ಮುಚ್ಚಿ ಬಕೆಟ್ ನೀರಿನಲ್ಲಿ ಒತ್ತಿ ಹಿಡಿಯಿರಿ. ಗುಳ್ಳೆ ಬಂದರೆ ಅದರಲ್ಲಿ ಹಪ್ಪಳ ಹಾಕಲೂ ಲಾಯಕ್ಕಿಲ್ಲ. ಒಂದು ಡಬ್ಬಿ ಟ್ರಿಮ್ಮರ್‌ನದು, ಇನ್ನೊಂದು ರೂಟರ್‌ನದು. ತೂತು ಕೊರೆದ ಹಲಗೆಯನ್ನು ತಳದ ಅಳತೆಗೆ ಕತ್ತರಿಸಿ ಇಳಿಸಿ, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಕ್ಕೆ ಜಾಗ ಬಿಡಿ, ಒಂದು 100 ಗ್ರಾಂ ಸಾಕು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆ ಬಣ್ಣದ್ದೇ ತನ್ನಿ. ಬಣ್ಣ ಬದಲಾದಾಗ ಓವನ್‌ನಲ್ಲಿ 120 ಡಿಗ್ರಿಯ ಆಸುಪಾಸಿನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆಟಿಯ ಬಿಸಿಲಿಗೆ ಇಟ್ಟು ಒಣಗಿಸುತ್ತೇನೆ ಅಂತ ಕಾಯಬೇಡಿ. ತೆರೆದ ಡ್ರಾವರ್‌ನಲ್ಲಿ ಸಿಲಿಕಾ ಜೆಲ್ ಇಟ್ಟು ಸಮಾಧಾನ ಪಡುವವರೂ ಇದ್ದಾರೆ. ಅದು ಇಡೀ ಕೋಣೆಯ ತೇವ ಕುಡಿಯಲು ಹೋಗಿ ಬೇಗನೇ ಕೈಚೆಲ್ಲುತ್ತದೆ. ಕಪಾಟಿನೊಳಗೆ ಬಲ್ಬ್ ಉರಿಸಿಡುವ ಹಳೇ ಉಪಾಯವನ್ನು ಮರದ ಹುಡಿ ಇರುವ ಕೋಣೆಯಲ್ಲಿ ಮಾಡಲೇಬೇಡಿ, ಬೆಂಕಿಗೆ ಕರೆ ಕೊಟ್ಟ ಹಾಗೆ. ಎಲ್‌ಇಡಿ ಬಲ್ಬಿನಲ್ಲಿ ಆ ಬಿಸಿಯೂ ಇಲ್ಲ.

ಡಬ್ಬಿಗೆ ಹಾಕುವ ಮೊದಲು ಈಗಿನ ತುಕ್ಕು ತೆಗೆಯಬೇಕಲ್ವಾ? ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ಗೆ ಎಣ್ಣೆ ಹಾಕಿ ಕೈಯಲ್ಲೇ ಉಜ್ಜಿ. ಎಮರಿ ಪೇಪರ್ ಬೇಡ, ಶ್ಯಾಂಕ್ ಸಪೂರವಾಗುತ್ತದೆ. ಉಜ್ಜಿದ ಮೇಲೆ ಉಗುರು ಎಳೆದು ನೋಡಿ, ಗುಳಿ ಸಿಕ್ಕಿದರೆ ಆ ಬಿಟ್‌ಗೂ ವಿದಾಯ ಹೇಳಿ. ಬಾಯಿಗೆ ಅಂಟಿದ ಮೇಣ, ಕರಿ ತೆಗೆಯಲು ಪಾತ್ರೆ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಶ್ ಸಾಕು. ಕಾಸ್ಟಿಕ್ ಸೋಡಾದಂಥ ಖಾರದ್ದು ಕೋಬಾಲ್ಟನ್ನು ತಿನ್ನುತ್ತದೆ. ಬೇರಿಂಗನ್ನು ಮೊದಲೇ ಬಿಚ್ಚಿಡಿ, ನೀರಿಗೆ ಹಾಕಿದರೆ ಒಳಗಿನ ಗ್ರೀಸ್ ಹೋಗುತ್ತದೆ.

ನೀವು ಕೇಳದ ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ನಿಮ್ಮ ಬಿಟ್‌ಗಳು ಮೂರು ಕಡೆಯಿಂದ ಬಂದವು. ಗಲ್ಫಿನಿಂದ ಬರುವವುಗಳಲ್ಲಿ 6 ಮಿ.ಮೀ. ಇರಬಹುದು, ಆನ್‌ಲೈನ್ ಸೆಟ್ ಹೆಚ್ಚಾಗಿ ಕಾಲು ಇಂಚು, ಅಂದರೆ 6.35. ನೋಡಲು ಎರಡೂ ಒಂದೇ. 6ರ ಶ್ಯಾಂಕನ್ನು 6.35ರ ಕಾಲೆಟ್‌ಗೆ ಹಾಕಿ ಬಿಗಿ ಮಾಡಿದರೆ ಹಿಡಿದ ಹಾಗೆ ಅನಿಸುತ್ತದೆ, ಓಡುವಾಗ ಜಾರಿ ಹೊರಬರುತ್ತದೆ. ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತಿನ ಹತ್ತಿರ ತಿರುಗುವ ಯಂತ್ರ. ಒಂದು ಅಲ್ಯೂಮಿನಿಯಂ ಪಟ್ಟಿಯಲ್ಲಿ 6.1ರ ತೂತು ಕೊರೆದು ಡಬ್ಬಿಯಲ್ಲೇ ಇಡಿ. ಹೊಕ್ಕಿದ್ದು 6, ಹೊಗದಿದ್ದು 6.35. ಹೊಕ್ಕವುಗಳ ಶ್ಯಾಂಕಿನ ತುದಿಗೆ, ಸುತ್ತಲಿನ ಮೈಗೆ ಹತ್ತದ ಹಾಗೆ, ಒಂದು ಚುಕ್ಕೆ ಕೆಂಪು ನೈಲ್ ಪಾಲಿಶ್ ಇಡಿ. 12 ಮತ್ತು 12.7ರ ನಡುವೆಯೂ ಇದೇ ಗೊಂದಲ ಇದೆ, ಅದನ್ನು ವರ್ನಿಯರ್‌ನಲ್ಲಿ ಅಳೆದುಬಿಡಿ.

ಕೊನೆಗೆ ಭಾವ ಕೊಟ್ಟ ಪ್ಯಾನೆಲ್ ಬಿಟ್. ಅಂಗೈಯಗಲ ಅಂದರೆ 80 ಮಿ.ಮೀ. ಇರಬೇಕು. ಸ್ಪೀಡ್ ಬದಲಿಸುವ ಗುಂಡಿ ಇಲ್ಲದ ಹಳೇ ರೂಟರ್ ನಿಮಿಷಕ್ಕೆ 22,000ದ ಆಸುಪಾಸು ಸುತ್ತುತ್ತದೆ. ಆ ಸುತ್ತಿನಲ್ಲಿ 80ರ ಬಿಟ್ಟಿನ ಅಂಚು ಗಂಟೆಗೆ 330 ಕಿ.ಮೀ. ವೇಗದಲ್ಲಿ ಓಡುತ್ತದೆ. ಅದನ್ನು 10,000ದಿಂದ 12,000ದ ಒಳಗೆ, ರೂಟರ್ ಟೇಬಲ್‌ಗೆ (ರೂಟರನ್ನು ತಲೆಕೆಳಗೆ ಬಿಗಿದ ಮೇಜು) ಕೂರಿಸಿ ಮಾತ್ರ ಓಡಿಸಬೇಕು. ಕೈಯಲ್ಲಿ ಹಿಡಿದು ಎಂದೂ ಬೇಡ. ನಿಮ್ಮ ರೂಟರ್‌ನಲ್ಲಿ ಸ್ಪೀಡ್ ಗುಂಡಿ ಇದೆಯಾ ನೋಡಿ. ಇದ್ದು, ಟೇಬಲ್ ಮಾಡುವ ಯೋಚನೆಯೂ ಇದ್ದರೆ ಎಣ್ಣೆ ಒರೆಸಿ, ಬೇರೆ ಬಿಟ್‌ಗಳ ಜೊತೆ ಸೇರಿಸದೆ, ಅದಕ್ಕೇ ಒಂದು ಸಣ್ಣ ಡಬ್ಬಿ ಕೊಟ್ಟು ಮೇಲಿನ ಅಟ್ಟದಲ್ಲಿಡಿ, ಡಬ್ಬಿಯ ಮೇಲೆ ‘ಟೇಬಲ್ ಮಾತ್ರ, 10,000’ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಇಲ್ಲವಾದರೆ ಬಾಗಿಲು ಮಾಡುವ ಯಾವುದಾದರೂ ವರ್ಕ್‌ಶಾಪಿಗೆ ಕೊಟ್ಟು, ಬದಲಿಗೆ ಅಂಚು ಸಮ ಮಾಡುವ ಒಂದು ಒಳ್ಳೆಯ ಫ್ಲಶ್ ಟ್ರಿಮ್ ಬಿಟ್ ಕೇಳಿ ಪಡೆಯಿರಿ.